ಉಪ್ಪಿನ ವರ್ತಕನೂ ನಡುಗುವ ಕಣಿವೆಯೂ

"ಗುರುಗಳೇ, ನಡುಗುವ ನೆಲದ ಮೇಲೆ ಮನೆ ಮಾಡಬಹುದೇ?"

ಬೆಳಗಿನ ಪಾಠ ಮುಗಿದ ಮೇಲೆ ಶಿಷ್ಯ ಹೀಗೆ ಕೇಳಿದ. ಅವನು ಗುರುವಿನ ಬಳಿ ವೈದ್ಯ ಕಲಿತವನು. ಕಲಿಕೆ ಮುಗಿಯುತ್ತ ಬಂದಿತ್ತು. ಉತ್ತರದ ಬೆಟ್ಟಗಳ ನಡುವಿನ ಒಂದು ಪಟ್ಟಣದಿಂದ ಅವನಿಗೆ ಕರೆ ಬಂದಿತ್ತು. ಇಲ್ಲಿ ವೈದ್ಯರಿಲ್ಲ, ಬಂದು ನೆಲೆಸಿ ಎಂದು ಅಲ್ಲಿನ ಹಿರಿಯರು ಹೇಳಿ ಕಳುಹಿಸಿದ್ದರು. ಊರು ಚೆಂದ, ನೀರು ಸಿಹಿ ಎಂದು ಅವನು ಕೇಳಿದ್ದ. ಆ ಕಣಿವೆಯ ನೆಲ ಆಗಾಗ ನಡುಗುತ್ತದೆ, ಹಿಂದೊಮ್ಮೆ ಊರಿಗೆ ಊರೇ ಕುಸಿದಿತ್ತು ಎಂದೂ ಕೇಳಿದ್ದ.

"ಹೋದರೆ ಒಂದು ದಿನ ಆ ಊರು ನನ್ನ ಮೇಲೆ ಬಿದ್ದೀತು. ನಾನು ಬದುಕಿರುವಷ್ಟು ಕಾಲ ಏನೂ ಆಗದೆಯೂ ಇದ್ದೀತು. ಯಾವತ್ತು ಬರುತ್ತದೆಂದು ಗೊತ್ತಿಲ್ಲದ ಅಪಾಯವನ್ನು ತೂಗುವುದು ಹೇಗೆ?"

ಗುರು ಅವನಿಗೆ ಕುಳಿತುಕೊಳ್ಳಲು ಹೇಳಿದರು. ತಾವೂ ಕಂಬಕ್ಕೆ ಒರಗಿ ಕುಳಿತರು. ಒಂದು ಕಥೆ ಹೇಳತೊಡಗಿದರು.

ಕಡಲ ತೀರದಲ್ಲಿ ಒಬ್ಬ ಉಪ್ಪಿನ ವರ್ತಕನಿದ್ದ. ಯಾವುದನ್ನೂ ಆತುರದಲ್ಲಿ ಮಾಡುವವನಲ್ಲ. ಮನೆಯಲ್ಲಿ ಹೆಂಡತಿ ಮತ್ತು ಒಬ್ಬಳೇ ಮಗಳು. ಮಗಳನ್ನು ಮುತ್ತು ಎಂದು ಕರೆಯುತ್ತಿದ್ದರು.

ಹೆಂಡತಿಗೆ ಉಬ್ಬಸವಿತ್ತು. ಮಳೆಗಾಲ ಬಂತೆಂದರೆ ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತು ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದಳು. ಪ್ರತಿ ಮಳೆಗಾಲವೂ ಅವಳಲ್ಲಿ ಒಂದಿಷ್ಟನ್ನು ಕಿತ್ತುಕೊಂಡು ಹೋಗುತ್ತಿತ್ತು. ಬೇಸಿಗೆ ಅದನ್ನು ತಿರುಗಿ ಕೊಡುತ್ತಿರಲಿಲ್ಲ. ನೋಡಿದ ವೈದ್ಯರೆಲ್ಲ ಒಂದೇ ಮಾತು ಹೇಳಿದರು. ಕಡಲ ತೇವದ ಗಾಳಿ ಇವರಿಗೆ ಆಗದು, ಎತ್ತರದ ಒಣ ಊರಿಗೆ ಕರೆದುಕೊಂಡು ಹೋಗಿ.

ವರ್ತಕನ ಉಪ್ಪು ಎತ್ತುಗಳ ಬೆನ್ನೇರಿ ದೂರದ ಒಂದು ಕಣಿವೆಯ ಪಟ್ಟಣಕ್ಕೆ ಹೋಗುತ್ತಿತ್ತು. ಅವನು ಮಾತ್ರ ಅಲ್ಲಿಗೆ ಹೋದವನಲ್ಲ. ಎತ್ತು ಹೊಡೆಯುವವರು ಆ ಊರಿನ ಗಾಳಿಯನ್ನು ಹೊಗಳುತ್ತಿದ್ದರು. ಆದರೆ ಅವರಲ್ಲಿ ಒಬ್ಬ, "ಅಲ್ಲಿ ನೆಲ ಅಲುಗುತ್ತದೆ ಧಣಿ. ರೊಟ್ಟಿ ತಟ್ಟುವಾಗ ಹಿಟ್ಟಿನ ತಟ್ಟೆ ತಾನಾಗಿ ಸರಿಯುವುದನ್ನು ನಾನೇ ಕಂಡಿದ್ದೇನೆ" ಎಂದ.

ಅಂದಿನಿಂದ ವರ್ತಕನಿಗೆ ಸಮಾಧಾನ ಹೋಯಿತು. ಇಲ್ಲೇ ಇದ್ದರೆ ಹೆಂಡತಿ ಕಣ್ಣೆದುರಿಗೇ ಸವೆದು ಹೋಗುತ್ತಾಳೆ. ಅಲ್ಲಿಗೆ ಹೋದರೆ ಅವಳು ಉಳಿದಾಳು, ಆದರೆ ಒಂದು ದಿನ ಮೂವರೂ ಒಟ್ಟಿಗೆ ಹೋಗಬೇಕಾದೀತು. ಒಂದು ಖಂಡಿತವಾಗಿ, ನಿಧಾನವಾಗಿ ಬರುವುದು. ಇನ್ನೊಂದು ಬರುವುದೇ ಇಲ್ಲವೋ ಏನೋ, ಬಂದರೆ ಒಂದೇ ಏಟಿಗೆ. ಎಷ್ಟು ಯೋಚಿಸಿದರೂ ಅವನಿಗೆ ಒಂದು ಕಡೆ ನಿಲ್ಲಲು ಆಗಲಿಲ್ಲ. ಕೊನೆಗೆ, ನೋಡಿಕೊಂಡಾದರೂ ಬರೋಣವೆಂದು ಎತ್ತುಗಳ ಜೊತೆ ಒಬ್ಬನೇ ಹೊರಟ.

ಬೆಟ್ಟದ ಮೇಲಿನ ಕಣಿವೆಯ ಬಾಯಿಗೆ ಬಂದಾಗ ಅವನು ನಿಂತುಬಿಟ್ಟ. ಕಡಲಿನಷ್ಟು ದೊಡ್ಡದು ಬೇರೇನೂ ಇಲ್ಲವೆಂದು ತಿಳಿದಿದ್ದವನು ಅವನು. ಇಲ್ಲಿ ಬೆಟ್ಟಗಳು ಒಂದರ ಹಿಂದೆ ಒಂದು ಅಲೆಗಳ ಹಾಗೆ ನಿಂತಿದ್ದವು. ತುದಿಯಲ್ಲಿ ನೊರೆಯ ಹಾಗೆ ಹಿಮವಿತ್ತು. ನಡುವೆ, ಬಹಳ ಕೆಳಗೆ, ಹಸಿರು ಬಯಲಿನಲ್ಲಿ ಊರು ಕುಳಿತಿತ್ತು. ಅವನು ಕೈ ಮುಗಿದ. ಯಾರಿಗೆ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಊರಿನ ಪೇಟೆಯಲ್ಲಿ ಅವನು ಕಂಡವರನ್ನೆಲ್ಲ ಕೇಳಿದ. ಒಬ್ಬ ಬಟ್ಟೆ ವರ್ತಕ ನಕ್ಕುಬಿಟ್ಟ. "ನಮ್ಮಜ್ಜ ಇಲ್ಲೇ ಹುಟ್ಟಿದ, ಇಲ್ಲೇ ಹಣ್ಣಾಗಿ ಸತ್ತ. ಅವನ ಮೇಲೆ ಒಂದು ಕಲ್ಲೂ ಬೀಳಲಿಲ್ಲ" ಎಂದ. ಇನ್ನೊಬ್ಬ ಆಕಾಶ ತೋರಿಸಿ ಸುಮ್ಮನಾದ. ಮತ್ತೊಬ್ಬ, ಇದನ್ನೆಲ್ಲ ಊರಿನಲ್ಲಿ ಮಾತಾಡಬಾರದು, ಮಾತಾಡಿದರೆ ಬರುತ್ತದೆ ಎಂದು ಗದರಿದ.

ಊರಿಗಿಂತ ಎತ್ತರದಲ್ಲಿ ಒಂದು ಬಂಡೆಯ ಹಾಸು ಇತ್ತು. ಅಲ್ಲಿ ಒಬ್ಬ ಮುದುಕಿ ಮರದ ಗುಡಿಸಲು ಕಟ್ಟಿಕೊಂಡು ಆಡು ಸಾಕಿಕೊಂಡಿದ್ದಳು. ಹಿಂದಿನ ಕಂಪನದಲ್ಲಿ ಬದುಕಿ ಉಳಿದವಳು ಅವಳು ಎಂದು ಯಾರೋ ಹೇಳಿದರು. ವರ್ತಕ ಹತ್ತಿ ಹೋಗಿ ಅವಳ ಅಂಗಳದಲ್ಲಿ ಕುಳಿತ. ಮುದುಕಿ ಹಾಲು ಕೊಟ್ಟಳು. ಪ್ರಶ್ನೆ ಕೇಳಿದಾಗ ನಗಲೂ ಇಲ್ಲ, ಗದರಲೂ ಇಲ್ಲ.

"ನಡುಗುತ್ತದಪ್ಪ. ಯಾವಾಗ ಅಂತ ಕೇಳಬೇಡ, ನನಗೆ ಗೊತ್ತಿಲ್ಲ. ಈ ಬಯಲು ಮೊದಲು ಕೆರೆಯಾಗಿತ್ತಂತೆ. ಅದಕ್ಕೇ ಮಣ್ಣು ಅಷ್ಟು ಕಪ್ಪು, ಅಷ್ಟು ಮೆತ್ತಗೆ. ಹಾಕಿದ್ದೆಲ್ಲ ಬೆಳೆಯುತ್ತದೆ. ಅವತ್ತು ಆ ಮಣ್ಣು ಮೊಸರಿನ ಹಾಗೆ ಅಲುಗಿತು. ಅದರ ಮೇಲಿದ್ದ ಕಲ್ಲಿನ ಮನೆಗಳೆಲ್ಲ ಕೂತುಬಿಟ್ಟವು. ಈ ಬಂಡೆಯ ಮೇಲೂ ನಡುಗಿತು. ಆದರೆ ನಮ್ಮಪ್ಪ ಕಟ್ಟಿದ ಈ ಮರದ ಗೂಡು ಕಿರುಗುಟ್ಟಿ ನಿಂತುಕೊಂಡಿತು. ಇಲ್ಲಿ ಏನೂ ಬೆಳೆಯುವುದಿಲ್ಲ. ನೀರು ಕೆಳಗಿನಿಂದ ಹೊರಬೇಕು."

ಅವಳು ಅವನನ್ನು ಗುಡಿಸಲಿನ ಹಿಂದೆ ಕರೆದುಕೊಂಡು ಹೋದಳು. ಅಲ್ಲಿ ಬೆಟ್ಟ ಸೀಳಿ ಗೋಡೆಯಂತೆ ನಿಂತಿತ್ತು. "ಅವತ್ತು ಬಿಟ್ಟ ಬಿರುಕು ಇದು. ಒಳಗೆ ನೋಡು, ಕಲ್ಲಿನ ಹೂಗಳಿವೆ. ಯಾರು ಕೆತ್ತಿದರೋ" ಎಂದಳು.

ವರ್ತಕ ಬಗ್ಗಿ ನೋಡಿದ. ನೋಡಿದವನು ಅಲ್ಲೇ ಮಂಡಿಯೂರಿದ. ಅವು ಹೂಗಳಲ್ಲ. ಚಿಪ್ಪುಗಳು. ಅವನ ಊರಿನ ಮರಳಿನಲ್ಲಿ ಮಗಳು ಆರಿಸಿ ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದಂಥ ಚಿಪ್ಪುಗಳು. ಗೆರೆಗಳು ಹಾಗೇ ಇದ್ದವು, ಅಂಚಿನ ಸುತ್ತು ಹಾಗೇ ಇತ್ತು. ಕಲ್ಲಾಗಿದ್ದವು, ಅಷ್ಟೆ. ಅವನು ಒಂದರ ಮೇಲೆ ಬೆರಳಿಟ್ಟ. ಮೋಡ ಅವನ ಕಾಲಿನ ಕೆಳಗೆ ಹೋಗುತ್ತಿತ್ತು.

"ಅಜ್ಜಿ, ಇವು ಕಡಲಿನವು" ಎಂದ. ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು. "ಇದು ಕಡಲಿನ ತಳ. ಯಾವುದೋ ಕಾಲದಲ್ಲಿ ಇದು ನೀರಿನ ಕೆಳಗಿತ್ತು. ಅಲ್ಲಿಂದ ಎದ್ದು ಇಷ್ಟೆತ್ತರ ಬಂದಿದೆ."

ಮುದುಕಿ ಬಹಳ ಹೊತ್ತು ಬಂಡೆಯನ್ನೇ ನೋಡಿದಳು. ಅವಳು ಕಡಲನ್ನು ಕಂಡವಳಲ್ಲ.

"ಹುಡುಗಿಯಾಗಿದ್ದಾಗ ಬೆಟ್ಟಕ್ಕೆ ಸಿಟ್ಟು ಬಂತು ಅಂದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ಹಾಗಾದರೆ ಸಿಟ್ಟಲ್ಲ. ಇದು ಇನ್ನೂ ಬೆಳೀತಾ ಇದೆ" ಎಂದಳು.

ಹೊರಡುವಾಗ ಅವನು, ಬರಲೋ ಬೇಡವೋ ಎಂದು ಅವಳನ್ನೇ ಕೇಳಿದ. ಬಂದರೆ ಈ ಬಂಡೆಯ ಮೇಲೆ ಜಾಗವಿದೆ ಎಂದಷ್ಟೇ ಹೇಳಿದಳು.

ಊರಿಗೆ ಮರಳಿದ ವರ್ತಕ ಕಂಡದ್ದನ್ನೆಲ್ಲ ಹೆಂಡತಿಗೆ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಅವಳು ಗೋಡೆಗೆ ಒರಗಿ ಕೇಳಿಸಿಕೊಂಡಳು.

"ಇಲ್ಲಿ ನನ್ನ ಸಾವು ನನಗೂ ಕಾಣುತ್ತಿದೆ, ನಿಮಗೂ ಕಾಣುತ್ತಿದೆ" ಎಂದಳು. ನಡುವೆ ಉಸಿರಿಗಾಗಿ ನಿಂತಳು. "ಅಲ್ಲಿಯದು ಕಾಣುವುದಿಲ್ಲ. ಆದರೆ ಬಂದರೆ ಅದು ಮುತ್ತುವನ್ನೂ ಕೇಳುತ್ತದೆ. ನನ್ನ ಉಸಿರಿಗಾಗಿ ಮಗಳನ್ನು ಅಲ್ಲಿಗೆ ಒಯ್ಯಬಹುದೇ?"

ಬಾಗಿಲಲ್ಲಿ ನಿಂತಿದ್ದ ಮುತ್ತು ಒಳಗೆ ಬಂದಳು. ಅವಳು ಆಗಲೇ ತಾಯಿಯ ಎತ್ತರಕ್ಕೆ ಬೆಳೆದಿದ್ದಳು.

"ಅಮ್ಮ, ನೀನಿಲ್ಲದ ಮನೆಯಲ್ಲಿ ನೆಲ ಗಟ್ಟಿಯಾಗಿದ್ದರೆ ನನಗೇನು ಬಂತು?" ಎಂದಳು.

ಮಳೆಗಾಲಕ್ಕೆ ಮೊದಲೇ ಅವರು ಹೊರಟರು.

ವರ್ತಕ ಬಂಡೆಯ ಮೇಲೆ ಮನೆ ಕಟ್ಟಿದ. ಊರಿನವರೆಲ್ಲ ಕಲ್ಲಿನ ಮೇಲೆ ಕಲ್ಲಿಟ್ಟು ಅಂತಸ್ತಿನ ಮೇಲೆ ಅಂತಸ್ತು ಏರಿಸಿ, ಮೇಲೆ ಚಪ್ಪಡಿ ಹೊದಿಸುತ್ತಿದ್ದರು. ಅವನು ಮರದ ಚೌಕಟ್ಟು ಹೂಡಿ, ಮೂಲೆ ಮೂಲೆಗೆ ತೊಲೆಗಳನ್ನು ಬಿಗಿದು, ಹಲಗೆ ಹೊಡೆದು, ಛಾವಣಿಯಾಗಿ ಹಗುರವಾದ ಮಾಡು ಹಾಕಿಸಿದ. ಬಾಗಿಲುಗಳು ಹೊರಕ್ಕೆ ತೆರೆಯುತ್ತಿದ್ದವು. ಊರಿನವರು ಅದಕ್ಕೆ ಉಪ್ಪಿನ ಪೆಟ್ಟಿಗೆ ಎಂದು ಹೆಸರಿಟ್ಟರು. ನೀರು ಕೆಳಗಿನಿಂದ ಬರಬೇಕಿತ್ತು. ಮುತ್ತು ದಿನವೂ ಹೊತ್ತು ತಂದಳು.

ಆ ಚಳಿಗಾಲದಲ್ಲಿ ಹೆಂಡತಿ ಕಾಲು ಚಾಚಿ, ನೆಟ್ಟಗೆ ಮಲಗಿ ನಿದ್ದೆ ಮಾಡಿದಳು. ವರ್ತಕ ಪಕ್ಕದಲ್ಲಿ ಕುಳಿತು ಅವಳ ಉಸಿರನ್ನು ಕೇಳಿದ. ಎಲ್ಲೂ ತಡೆಯಿಲ್ಲದೆ ಬರುತ್ತಿತ್ತು, ಹೋಗುತ್ತಿತ್ತು. ಅವನಿಗೆ ಅಳು ಬಂತು. ಮುಂದಿನ ವರ್ಷ ಅವಳು ಮಗಳ ಕೈಯಿಂದ ಕೊಡ ಕಿತ್ತುಕೊಂಡು ತಾನೇ ನೀರು ತರತೊಡಗಿದಳು.

ಹೆಂಡತಿಗೆ ಉಸಿರು ಬಂತು, ವರ್ತಕನಿಗೆ ಭಯ ಹಿಡಿಯಿತು.

ಕೆಲವೊಮ್ಮೆ ನೆಲ ಸಣ್ಣಗೆ ನಡುಗುತ್ತಿತ್ತು. ಕಪಾಟಿನ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಊರಿನವರು ತಲೆಯೆತ್ತಿ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ಬಗ್ಗುತ್ತಿದ್ದರು. ವರ್ತಕನ ಮುಖ ಮಾತ್ರ ದಿನವಿಡೀ ಬಿಳಿಚಿಕೊಂಡಿರುತ್ತಿತ್ತು. ಅವನು ಪೇಟೆಯ ಅಂಗಡಿ ಬೇಡವೆಂದು ಮರದ ಕೆಳಗೆ ಉಪ್ಪು ಮಾರಿದ. ಯಾರ ಮನೆಯ ಮದುವೆಗೆ ಕರೆದರೂ ಅಂಗಳದಲ್ಲೇ ನಿಂತು ಹರಸಿ ಬಂದ. ಸಾವಿನ ಮನೆಗೂ ಒಳಗೆ ಹೋಗಲಿಲ್ಲ. ಕಡಲಿನವನಿಗೆ ಸೊಕ್ಕು ಎಂದು ಜನ ಆಡಿಕೊಂಡರು. ಹೆಂಡತಿ, ಮಗಳು ಕೆಳಗೆ ಹೋದರೆ ಅವರು ಮರಳುವವರೆಗೂ ಅವನು ಬಂಡೆಯ ಅಂಚಿನಲ್ಲಿ ನಿಂತಿರುತ್ತಿದ್ದ.

ಒಂದು ದಿನ ಹೆಂಡತಿ ಕೊಡ ಇಳಿಸಿ ಅವನೆದುರು ಕುಳಿತಳು.

"ನನಗೇನೋ ಉಸಿರು ಬಂತು. ನೀವು ಉಸಿರು ಬಿಟ್ಟು ಎಷ್ಟು ಕಾಲವಾಯಿತು?" ಎಂದು ಕೇಳಿದಳು.

ಅವಳ ಮಾತು ಸರಿಯೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಭಯ ಹೋಗಲಿಲ್ಲ.

ಆ ಊರಿನ ಹೆಂಗಸರು ಕಂಬಳಿ ನೇಯುತ್ತಿದ್ದರು. ಮುತ್ತು ಅವರ ಬಳಿ ಕಲಿಯಲು ಹೋದಳು. ಹೋಗುತ್ತ ಹೋಗುತ್ತ ಒಬ್ಬ ನೇಕಾರನ ಮಗನನ್ನು ಮೆಚ್ಚಿದಳು. ಒಳ್ಳೆಯ ಹುಡುಗ, ಒಳ್ಳೆಯ ಮನೆತನ. ಆದರೆ ಅವರ ಮನೆ ಬಯಲಿನ ನಡುವೆ ಕಪ್ಪು ಮಣ್ಣಿನ ಮೇಲಿತ್ತು. ಅಂತಸ್ತಿನ ಮೇಲೆ ಅಂತಸ್ತು, ಮೇಲೆ ಚಪ್ಪಡಿ.

"ಬೇರೆ ಯಾವ ಮನೆಗಾದರೂ ಕೊಡುತ್ತೇನೆ. ಆ ಛಾವಣಿಯ ಕೆಳಗೆ ನಿನ್ನನ್ನು ಕಳುಹಿಸಲಾರೆ" ಎಂದ ವರ್ತಕ.

"ಅಪ್ಪ, ಆ ಛಾವಣಿಯ ಕೆಳಗೆ ಈಗ ಮಲಗುತ್ತಿರುವವರೂ ಯಾರದೋ ಮಕ್ಕಳೇ" ಎಂದಳು ಮುತ್ತು. ಜೋರಾಗಿ ಹೇಳಲಿಲ್ಲ.

ವರ್ತಕ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಬೆಟ್ಟ ಇಳಿದು ನೇಕಾರನ ಮನೆಯ ಮುಂದೆ ನಿಂತ. ಒಳಗೆ ಬನ್ನಿ ಎಂದರು. ಹೊಸ್ತಿಲ ಬಳಿ ಅವನ ಕಾಲು ತಡೆಯಿತು. ಆಮೇಲೆ ಕಣ್ಣು ಮುಚ್ಚಿ ಒಳಗಿಟ್ಟ. ಆ ಊರಿನಲ್ಲಿ ಅವನು ಕಲ್ಲಿನ ಮಾಡಿನ ಕೆಳಗೆ ಹೋದದ್ದು ಅದೇ ಮೊದಲು.

"ಬೀಗರೇ, ಮೇಲಿನ ಭಾರ ಇಳಿಸಿ. ಗೋಡೆಗಳಿಗೆ ಮರ ಕಟ್ಟಿಸಿ. ನಾನು ಕೈ ಜೋಡಿಸುತ್ತೇನೆ" ಎಂದು ಬೇಡಿಕೊಂಡ.

ನೇಕಾರ ಸಭ್ಯ ಮನುಷ್ಯ. "ನಮ್ಮ ಹಿರಿಯರು ಕಟ್ಟಿದ್ದು. ಬಿಚ್ಚಲು ಕೈ ಬಾರದು. ನಿಮ್ಮ ಮಗಳು ಮಲಗುವ ಕೋಣೆಗೆ ಬೇಕಾದ್ದು ಮಾಡಿಸಿ. ಬೇಡವೆನ್ನುವುದಿಲ್ಲ" ಎಂದ.

ವರ್ತಕ ಆ ಒಂದು ಕೋಣೆಯೊಳಗೆ ಮರದ ಇನ್ನೊಂದು ಕೋಣೆಯನ್ನೇ ಹೂಡಿಸಿದ. ಕಂಬ, ತೊಲೆ, ತಲೆಯ ಮೇಲೆ ದಪ್ಪ ಹಲಗೆ. ತಾನೇ ನಿಂತು ಪ್ರತಿ ಬೆಣೆಯನ್ನೂ ಹೊಡೆಸಿದ. ಮದುವೆ ಆಯಿತು. ಮುತ್ತು ಬಯಲಿಗೆ ಇಳಿದಳು.

ಹಲವು ವರ್ಷ ಏನೂ ಆಗಲಿಲ್ಲ.

ಒಂದು ವರ್ಷ ಮುಸುಕಿನ ಜೋಳ ಚೆನ್ನಾಗಿ ಬಂದಿತ್ತು. ಊರಿನ ಚಪ್ಪಡಿ ಮಾಡುಗಳ ಮೇಲೆಲ್ಲ ತೆನೆ ಒಣಹಾಕಿದ್ದರು. ಮೇಲಿನಿಂದ ನೋಡಿದರೆ ಊರು ಹಳದಿ ಹೊದ್ದಂತೆ ಇತ್ತು. ಮಧ್ಯಾಹ್ನ ವರ್ತಕ ಒಬ್ಬನೇ ಮನೆಯ ಮುಂದೆ ಕುಳಿತಿದ್ದ. ಹೆಂಡತಿ ಮಗಳನ್ನು ನೋಡಲು ಹೋಗಿದ್ದಳು. ಮುದುಕಿಯೂ ಹಾಲು ಕೊಡಲು ಪೇಟೆಗೆ ಇಳಿದಿದ್ದಳು.

ಮೊದಲು ಸದ್ದು ಬಂತು. ನೆಲದೊಳಗೆ ನೂರಾರು ಗಾಡಿಗಳು ಒಟ್ಟಿಗೆ ಉರುಳಿದಂತೆ ಇತ್ತು. ವರ್ತಕ ಎದ್ದ. ಎದ್ದವನನ್ನು ಬಂಡೆ ಕೆಳಗೆ ಕೆಡವಿತು. ಅವನು ಅಂಚಿನ ಕಲ್ಲನ್ನು ತಬ್ಬಿ ಹಿಡಿದು ತಲೆಯೆತ್ತಿದ.

ಕಣಿವೆಯ ಆ ತುದಿಯಿಂದ ನೆಲ ಅಲೆಯಾಗಿ ಬರುತ್ತಿತ್ತು. ನೀರಿನ ಅಲೆಯಲ್ಲ, ಮಣ್ಣಿನ ಅಲೆ. ಹೊಲಗಳು ಏರಿದವು, ಇಳಿದವು. ಸಾಲು ಮರಗಳು ಒಂದೊಂದಾಗಿ ಬಾಗಿ ಎದ್ದವು. ಅಲೆ ಊರಿನ ಕೆಳಗೆ ಹಾಯಿತು. ಊರು ಒಮ್ಮೆ ಮೇಲೆದ್ದಿತು. ದೋಣಿ ಏಳುವ ಹಾಗೆ ಎದ್ದಿತು. ಗುಡಿಯ ಗಂಟೆಗಳು ಯಾರೂ ಬಾರಿಸದೆ ಬಾರಿಸಿಕೊಂಡವು. ಆಮೇಲೆ ಊರು ಕೆಳಗೆ ಕುಳಿತಿತು. ಎದುರಿನ ಬೆಟ್ಟದ ಒಂದು ಮಗ್ಗುಲು ಬಹಳ ನಿಧಾನವಾಗಿ, ಯಾವ ಅವಸರವೂ ಇಲ್ಲದಂತೆ, ಜಾರಿ ನದಿಗೆ ಬಿತ್ತು. ನದಿ ನಿಂತಿತು. ಸ್ವಲ್ಪ ಹೊತ್ತಿಗೆ ಬೇರೆ ದಾರಿ ಹಿಡಿದು ಕೆಂಪಗೆ ಹರಿಯಿತು. ಬೆಟ್ಟದ ಮೇಲಿಂದ ಹಕ್ಕಿಗಳೆಲ್ಲ ಎದ್ದು ಬಿಸಿಲನ್ನು ಮುಚ್ಚಿದವು.

ವರ್ತಕ ಎಷ್ಟೋ ವರ್ಷ ಈ ಗಳಿಗೆಗೆ ಹೆದರಿದ್ದ. ಅದು ಬಂದಾಗ ಅವನಿಗೆ ಭಯವಾಗಲಿಲ್ಲ. ಭಯಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಬೆಟ್ಟವನ್ನು ಕಡಲಿನಿಂದ ಎತ್ತಿದ ಕೆಲಸ ಅವನ ಕಣ್ಣೆದುರಿಗೇ ನಡೆಯುತ್ತಿತ್ತು. ಅದು ಅವನನ್ನು ಹುಡುಕಿಕೊಂಡು ಬಂದಿರಲಿಲ್ಲ. ಅವನು ಅಲ್ಲಿ ಇದ್ದಾನೆಂಬುದೂ ಅದಕ್ಕೆ ಗೊತ್ತಿರಲಿಲ್ಲ. ಅವನ ಬಾಯಿಂದ ಒಂದು ಸದ್ದು ಹೊರಟಿತು. ಪ್ರಾರ್ಥನೆಯೋ ಕೂಗೋ ಅವನಿಗೇ ತಿಳಿಯಲಿಲ್ಲ.

ನೆಲ ನಿಂತಿತು. ವರ್ತಕ ತಿರುಗಿ ನೋಡಿದ. ಅವನ ಮನೆ ನಿಂತಿತ್ತು. ಒಂದು ಹಲಗೆಯೂ ಕದಲಿರಲಿಲ್ಲ. ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಒಳಗೆ ಯಾರೂ ಇರಲಿಲ್ಲ.

ಅವನು ಕೆಳಗೆ ಓಡಿದ.

ದಾರಿ ಇರಲಿಲ್ಲ. ಧೂಳಿನಲ್ಲಿ ಯಾವುದು ಯಾರ ಮನೆಯೆಂದು ತಿಳಿಯುತ್ತಿರಲಿಲ್ಲ. ಕಲ್ಲುಗಳ ನಡುವೆ ಹಳದಿ ತೆನೆಗಳು ಚೆಲ್ಲಿದ್ದವು. ನೇಕಾರನ ಮನೆ ಇದ್ದ ಕಡೆ ಒಬ್ಬಳು ಹೆಂಗಸು ಬಗ್ಗಿ ಬರಿಗೈಯಿಂದ ಕಲ್ಲೆತ್ತಿ ಹಿಂದಕ್ಕೆ ಎಸೆಯುತ್ತಿದ್ದಳು. ತಲೆಯಿಂದ ಕಾಲಿನವರೆಗೆ ಮಣ್ಣು. ತನ್ನ ಹೆಂಡತಿಯೆಂದು ಅವನಿಗೆ ಗುರುತು ಸಿಕ್ಕಿದ್ದು ಅವಳ ಕೆಮ್ಮಿನಿಂದ.

"ಬಾವಿಯ ಹತ್ತಿರ ಇದ್ದೆ. ಮುತ್ತು ಒಳಗಿದ್ದಾಳೆ. ಮಗ್ಗದ ಮುಂದೆ ಇದ್ದಳು" ಎಂದಳು. ಕಲ್ಲೆತ್ತುವುದನ್ನು ನಿಲ್ಲಿಸಲಿಲ್ಲ.

ಮಗ್ಗವಿದ್ದದ್ದು ಮುಂದಿನ ಅಂಕಣದಲ್ಲಿ. ವರ್ತಕ ಹೂಡಿಸಿದ ಕೋಣೆ ಹಿಂದೆ. ಅದು ಗಟ್ಟಿಯಾಗಿ ನಿಂತಿತ್ತು. ಅದರೊಳಗಿನಿಂದ ಮುತ್ತುವಿನ ಅತ್ತೆ ಹೊರಗೆ ಬಂದಳು. ಪಕ್ಕದ ಮನೆಯ ಮಕ್ಕಳೂ ಬಂದರು. ಆಟವಾಡುತ್ತ ಅಲ್ಲಿ ಸೇರಿದ್ದವರು. ವರ್ತಕ ಅವರನ್ನು ಒಬ್ಬೊಬ್ಬರಾಗಿ ನೋಡಿದ. ಅವರಲ್ಲಿ ಅವನ ಮಗಳಿರಲಿಲ್ಲ.

"ಮುತ್ತೂ!" ಎಂದು ಕೂಗಿದ.

ಆಗ ಅವನ ಎರಡೂ ಕಡೆ ಜನ ಬಂದರು. ಬಟ್ಟೆ ವರ್ತಕ ಬಂದ. ಉಪ್ಪಿನ ಪೆಟ್ಟಿಗೆ ಎಂದು ನಕ್ಕವರು ಬಂದರು. ಅವನು ಯಾರ ಮದುವೆಗೆ ಒಳಗೆ ಹೋಗಲಿಲ್ಲವೋ ಅವರೂ ಬಂದರು. ಕೆಲವರು ತಮ್ಮ ಮನೆಯವರನ್ನು ಹೊರಗೆ ತೆಗೆದು ಮಲಗಿಸಿ ಬಂದಿದ್ದರು. ಕಲ್ಲು ಕೈಯಿಂದ ಕೈಗೆ ಹೋಯಿತು. ಬಿಸಿಲು ಇಳಿಯುವ ಹೊತ್ತಿಗೆ ಮಗ್ಗದ ದಿಮ್ಮಿ ಕಂಡಿತು. ದಿಮ್ಮಿಯ ಕೆಳಗಿನ ಸಂದಿನಿಂದ ಒಂದು ಕೈ ಆಡಿತು.

ಮುತ್ತು ಬದುಕಿದ್ದಳು. ಒಂದು ಕಾಲು ಮುರಿದಿತ್ತು. ಅದನ್ನು ಕೂಡಿಸಬಲ್ಲವರು ಆ ಊರಿನಲ್ಲಿ ಇರಲಿಲ್ಲ. ವರ್ತಕ ಹಲಗೆ ತುಂಡಿಟ್ಟು ತನಗೆ ತೋಚಿದಂತೆ ಕಟ್ಟಿದ. ಕಾಲು ಸೊಟ್ಟಗೆ ಕೂಡಿತು. ಅವಳು ಉಳಿದ ಆಯುಷ್ಯವೆಲ್ಲ ಕುಂಟಿದಳು. ಅಂಥವರು ಊರಿನಲ್ಲಿ ಬಹಳ ಮಂದಿ ಆದರು. ನಂಜೇರಿ ಸತ್ತವರೂ ಬಹಳ. ಕುರಿ ಮೇಯಿಸಲು ಹೋಗಿದ್ದ ಅಳಿಯ ಸಂಜೆ ಓಡುತ್ತ ಬಂದ. ಅವನಿಗೆ ಹೆಂಡತಿ ಸಿಕ್ಕಿದಳು, ತಂದೆ ಸಿಗಲಿಲ್ಲ. ಮುದುಕಿ ಪೇಟೆಯಲ್ಲಿ ಚಪ್ಪಡಿ ಹೊದಿಸಿದ ಒಂದು ಜಗಲಿಯ ಮೇಲೆ ಹಾಲು ಅಳೆಯುತ್ತ ಕುಳಿತಿದ್ದಾಗ ಚಪ್ಪಡಿ ಕುಸಿದು ಸತ್ತಳು. ಆ ಚಪ್ಪಡಿಯ ಕೆಳಗೆ ಏನಾಗಬಹುದೆಂದು ಆ ಊರಿನಲ್ಲಿ ಅವಳಷ್ಟು ತಿಳಿದವರು ಬೇರೆ ಇರಲಿಲ್ಲ. ಬಿಸಿಲಿಗೆ ನೆರಳಾಗಲೆಂದು ಕುಳಿತಿದ್ದಳು, ಅಷ್ಟೆ. ವರ್ತಕ ಅವಳನ್ನು ತನ್ನ ಕೈಯಿಂದಲೇ ಬಂಡೆಯ ಮೇಲಕ್ಕೆ ಹೊತ್ತು ತಂದು, ಸೀಳಿದ ಬೆಟ್ಟದ ಬುಡದಲ್ಲಿ ಮಣ್ಣು ಮಾಡಿದ.

ಚಳಿ ಬಂತು. ಇಡಿಯಾಗಿ ನಿಂತಿದ್ದದ್ದು ಬಂಡೆಯ ಮೇಲಿನ ವರ್ತಕನ ಮನೆಯೂ ಮುದುಕಿಯ ಗುಡಿಸಲೂ ಮಾತ್ರ. ಜನ ಹತ್ತಿ ಬಂದರು. ಯಾರೂ ಕೇಳಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಮಕ್ಕಳನ್ನು, ಬಾಣಂತಿಯರನ್ನು, ಗಾಯಗೊಂಡವರನ್ನು ಒಳಗೆ ಮಲಗಿಸಿದರು. ಉಳಿದವರು ಗೋಡೆಗೆ ಒತ್ತಿಕೊಂಡು ಕಂಬಳಿ ಕಟ್ಟಿ ಮರೆ ಮಾಡಿಕೊಂಡರು. ಕುಸಿತದಲ್ಲಿ ಸತ್ತ ದನಕುರಿಗಳ ಮಾಂಸಕ್ಕೆ ವರ್ತಕನ ಉಪ್ಪು ಹಾಕಿ ಇಟ್ಟರು. ಹಿಮ ಬಿದ್ದು ದಾರಿ ಮುಚ್ಚಿದ ತಿಂಗಳುಗಳಲ್ಲಿ ಊರು ಅದನ್ನೇ ತಿಂದು ಉಳಿಯಿತು. ಹೆಂಡತಿ ಉಪ್ಪುನೀರು ಕಾಯಿಸಿ ದಿನವೂ ಹುಣ್ಣುಗಳನ್ನು ತೊಳೆದಳು. ಅಷ್ಟು ಜನರ ನಡುವೆ ವರ್ತಕನಿಗೆ ಮಲಗಲು ಹೊಸ್ತಿಲಷ್ಟೇ ಸಿಕ್ಕಿತು. ನೆಲ ಆಗಾಗ ಮತ್ತೆ ಅದಿರುತ್ತಿತ್ತು. ಅವನು ಎದ್ದು ಕೂರುವ ಮೊದಲೇ ಯಾವುದೋ ಮಗು ಅಳುತ್ತಿತ್ತು. ಅದನ್ನು ಎತ್ತಿಕೊಂಡು ತಟ್ಟುವುದರಲ್ಲಿ ಅವನಿಗೆ ತನ್ನ ಭಯ ಮರೆತು ಹೋಗುತ್ತಿತ್ತು.

ಹಿಮ ಕರಗಿದ ಮೇಲೆ ಕಡಲ ಕಡೆಯಿಂದ ಎತ್ತುಗಳು ಬಂದವು. ಹೊಡೆಯುವವರು ಊರನ್ನು ನೋಡಿ ಕಣ್ಣೀರು ಹಾಕಿದರು. "ಧಣಿ, ಇನ್ನು ಇಲ್ಲೇನಿದೆ? ಅಮ್ಮನೋರನ್ನೂ ಮಗಳನ್ನೂ ಕರೆದುಕೊಂಡು ಬನ್ನಿ. ಎತ್ತು ಖಾಲಿ ಹೋಗುತ್ತವೆ" ಎಂದರು.

ವರ್ತಕ ಹೆಂಡತಿಯ ಬಳಿ ಬಂದ. ಅವಳು ಯಾರದೋ ಮಗುವಿನ ತಲೆ ಬಾಚುತ್ತಿದ್ದಳು.

"ಹೋಗೋಣವೇ?" ಎಂದು ಕೇಳಿದ. "ಇದು ಮತ್ತೆ ನಡುಗುತ್ತದೆ."

"ನಡುಗುತ್ತದೆ" ಎಂದಳು ಅವಳು. ಬಾಚುವುದನ್ನು ಮುಗಿಸಿ, ಜಡೆ ಹಾಕಿದಳು. "ಹೋಗೋಣ. ಇವರನ್ನೆಲ್ಲ ಯಾರ ಮನೆಯಲ್ಲಿ ಬಿಟ್ಟು ಹೋಗೋಣ, ಹೇಳಿ."

ವರ್ತಕ ಹೊರಗೆ ಹೋಗಿ ಎತ್ತುಗಳನ್ನು ಮರಳಿ ಕಳುಹಿಸಿದ. ಬರುವಾಗ ಉಪ್ಪಿನ ಜೊತೆ ಮೊಳೆ, ಗರಗಸ, ಹಗ್ಗ ತನ್ನಿ ಎಂದ.

ಆ ವರ್ಷ ಊರು ಮತ್ತೆ ಎದ್ದಿತು. ಜನ ಬಂಡೆಯ ಮೇಲಿನ ಮನೆಯನ್ನು ಸುತ್ತಿ ನೋಡಿ, ತೊಲೆ ಕೂಡಿದ ಮೂಲೆಗಳನ್ನು ಮುಟ್ಟಿ ನೋಡಿ ಹೋದರು. ವರ್ತಕ ದಿನವೂ ಕೆಳಗೆ ಇಳಿದ. ಯಾರ ಮನೆಯ ಮಾಡು ಏರುತ್ತಿದ್ದರೂ ಅದರ ಕೆಳಗೆ ಹೋಗಿ ನಿಂತು, ಕಂಬಕ್ಕೆ ಭುಜ ಕೊಟ್ಟ. ಎಲ್ಲರೂ ಅವನ ಮಾತು ಕೇಳಲಿಲ್ಲ. ಕೆಲವರು ಮತ್ತೆ ಕಲ್ಲನ್ನೇ ಏರಿಸಿದರು. ಅವರ ಮನೆಗೂ ಅವನು ಹೋದ, ಅವರ ಮಕ್ಕಳ ಮದುವೆಯಲ್ಲೂ ಒಳಗೆ ಕುಳಿತು ಉಂಡ. ಅವನ ಹೆಂಡತಿ ತಲೆ ಪೂರ್ತಿ ಬೆಳ್ಳಗಾಗುವವರೆಗೆ ಬೆಟ್ಟ ಹತ್ತಿ ಇಳಿದಳು. ವರ್ತಕ ಕೊನೆಗೆ ಸತ್ತದ್ದು ಜ್ವರದಿಂದ, ನೆಲ ಒಂದಿಷ್ಟೂ ಅಲುಗದ ಒಂದು ದಿನ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ತಲೆಯೆತ್ತಿದ.

"ಗುರುಗಳೇ, ಹಾಗಾದರೆ ಆ ವರ್ತಕ ಅಲ್ಲಿಗೆ ಹೋದದ್ದು ಸರಿಯಾಯಿತೋ, ತಪ್ಪಾಯಿತೋ? ಅದನ್ನು ನೀವು ಹೇಳಲಿಲ್ಲ. ನಾನು ಹೋದರೆ ನನಗೇನಾಗುತ್ತದೆ ಎಂಬುದೂ ಇದರಲ್ಲಿ ತಿಳಿಯಲಿಲ್ಲ."

ಗುರು ಎದ್ದು ನಿಂತರು.

"ಆ ಊರು ನಿನ್ನ ಮೇಲೆ ಬಿದ್ದೀತೇ ಎಂದು ಕೇಳಿದೆ ಮಗು, ಅದು ಬಿದ್ದ ದಿನ ನೀನು ಅಲ್ಲಿ ಇಲ್ಲದಿದ್ದರೆ ಏನಾದೀತು ಎಂದು ಒಮ್ಮೆಯೂ ಕೇಳಲಿಲ್ಲ."